ಒಣ ಸರಕು

೯ ಜೂನ್ ೧೯೯೨

ತಮ್ಮನಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ‘ನಾವೆಲ್ಲ ಕ್ಷೇಮ’ ಎಂಬ ಸಾಲು ಈ ಸಲ ಇಲ್ಲ.

ನಿನ್ನ ತಂತಿ ಬಂದಿತ್ತು. ‘ಹೊರಟು ಬರಲೇ’ ಎಂದು ಕೇಳಿದ್ದೆ. ಸಾವಿನ ಮನೆಗೆ ಯಾರಾದರೂ ಕೇಳಿಕೊಂಡು ಬರುತ್ತಾರೆಯೇ ಎಂದು ಸಿಟ್ಟು ಬಂತು, ಉತ್ತರ ಕೊಡಲಿಲ್ಲ. ಆಮೇಲೆ ಯೋಚಿಸಿದೆ. ಈ ಮನೆಯ ಹೊಸ್ತಿಲು ತುಳಿಯಬೇಡ ಎಂದು ನಿನಗೆ ಹೇಳಿದ್ದೇ ನಿನ್ನ ಭಾವ. ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕಾದವರು ಈಗ ಇಲ್ಲ.

ಮೇ ಇಪ್ಪತ್ತೆರಡಕ್ಕೆ ಹಡಗು ಮುಳುಗಿತು. ಇಪ್ಪತ್ತೊಂದು ಜನರಲ್ಲಿ ಮೂವರು ಉಳಿದರು. ನಮ್ಮವರು ಆ ಮೂವರಲ್ಲಿ ಇಲ್ಲ. ದೇಹವೂ ಸಿಕ್ಕಿಲ್ಲ. ನಾನು ರಜೆ ಮುಗಿಸಿ ಶಾಲೆಗೆ ಹೋಗುತ್ತಿದ್ದೇನೆ. ಏಳನೇ ತರಗತಿಯವರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೇನೆ. ಟೀಚರ್ ಅಳುತ್ತಾರೇನೋ ಎಂದು ಅವರು ನನ್ನ ಮುಖ ನೋಡುತ್ತಾರೆ, ನಾನು ಬೋರ್ಡು ನೋಡುತ್ತೇನೆ.

ಮೊನ್ನೆ ಕಂಪನಿಯವನೊಬ್ಬ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತು, ಫೈಲನ್ನು ಮಂಡಿಯ ಮೇಲಿಟ್ಟುಕೊಂಡು, “ಅಮ್ಮಾ, ಇದು ಬರೀ ಫಾರ್ಮಾಲಿಟಿ, ಇಲ್ಲೊಂದು ಸಹಿ ಹಾಕಿಬಿಡಿ” ಅಂದ. ಇಷ್ಟು ಹಣ ಪಡೆದಿದ್ದೇವೆ, ಇನ್ನು ಮುಂದೆ ಕಂಪನಿಯ ಮೇಲೆ ನಮಗೆ ಯಾವ ಹಕ್ಕೂ ಇಲ್ಲ ಎಂದು ಕೊನೆಯ ಸಾಲು. ನಾನು ಕೆಂಪು ಪೆನ್ನು ತಂದೆ. ನಿನ್ನ ಭಾವನ ಇನಿಷಿಯಲ್ ತಪ್ಪಿತ್ತು, ಹುಟ್ಟಿದ ವರ್ಷ ತಪ್ಪಿತ್ತು. ಎರಡಕ್ಕೂ ಸುತ್ತು ಹಾಕಿ, “ಸರಿ ಮಾಡ್ಕೊಂಡು ಬನ್ನಿ” ಅಂದೆ. ಒಂದು ವಾರ ಸಿಕ್ಕಿದ ಹಾಗಾಯಿತು.

ನೀನು ವಕೀಲ, ಅದೂ ಹಡಗಿನ ವಕೀಲ. ಮುಳುಗಿದ ಹಡಗುಗಳ ಮೇಲೇ ಅನ್ನ ಉಂಡವನು. ಮಾಲೀಕರ ಕಡೆಯವನು ಎಂದೂ ಗೊತ್ತು. ಆದರೂ ಕೇಳುತ್ತಿದ್ದೇನೆ, ನನಗೆ ಬೇರೆ ಯಾರೂ ಇಲ್ಲ. ನಾನೇನು ಮಾಡಲಿ?

ನಿನ್ನ ಅಕ್ಕ


೧೭ ಜೂನ್ ೧೯೯೨

ಅಕ್ಕನಿಗೆ ನಮಸ್ಕಾರ.

ಸಹಿ ಹಾಕಬೇಡ. ಕಾಗದದ ಉಳಿದ ಭಾಗ ನಿಧಾನವಾಗಿ ಓದು, ಈ ಸಾಲು ಮಾತ್ರ ಈಗಲೇ ಓದು.

ನಾನು ಈಗ ಮಾಲೀಕರ ಕಡೆ ಇಲ್ಲ. ಆ ದೊಡ್ಡ ಆಫೀಸು ಬಿಟ್ಟು ಮೂರು ವರ್ಷವಾಯಿತು. ಬಂದರಿನ ಹಿಂದಿನ ರಸ್ತೆಯಲ್ಲಿ, ಹಗ್ಗ ಮಾರುವ ಅಂಗಡಿಯ ಮೇಲೆ, ಎರಡು ಕೋಣೆ ಹಿಡಿದಿದ್ದೇನೆ. ಬಾಗಿಲು ತೆರೆದರೆ ಟಾರಿನ ವಾಸನೆ. ಕೈ ಕಳೆದುಕೊಂಡವರು, ಸಂಬಳ ಸಿಗದವರು, ಗಂಡಂದಿರು ವಾಪಸು ಬಾರದ ಹೆಂಗಸರು ಮೆಟ್ಟಿಲು ಹತ್ತಿ ಬರುತ್ತಾರೆ. ನನಗೆ ‘ಹಗ್ಗದ ವಕೀಲ’ ಎಂದು ಹೆಸರು ಬಿದ್ದಿದೆ. ಹಗ್ಗ ಕೊಡುತ್ತಾನೆ, ಹಿಡಿದು ಮೇಲೆ ಬರುವುದೋ ನೇಣು ಹಾಕಿಕೊಳ್ಳುವುದೋ ನಿಮಗೆ ಬಿಟ್ಟದ್ದು ಎಂದು ಕೆಳಗಿನ ಅಂಗಡಿಯವನು ತಮಾಷೆ ಮಾಡುತ್ತಾನೆ.

ಭಾವ ನನ್ನನ್ನು ಹೊರಗೆ ಹಾಕಿದ ದಿನ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವರ ಹಡಗಿನ ಮೇಸ್ತ್ರಿ, ಡೆಕ್ಕಿನ ಕೆಲಸ ಮಾಡಿಸುತ್ತಿದ್ದವನು, ಬಿಗಿದ ಹಗ್ಗ ತುಂಡಾಗಿ ಬಡಿದು ಕಾಲು ಕಳೆದುಕೊಂಡ. ಅವನು ಪರಿಹಾರ ಕೇಳಿದಾಗ ಎದುರು ನಿಂತ ವಕೀಲ ನಾನು. “ಹಿಂದಿನ ದಿನ ಕುಡಿದಿದ್ದೆಯಾ?” ಎಂದು ಒಂದೇ ಪ್ರಶ್ನೆ ಕೇಳಿದೆ. ಒಂದು ಲೋಟ ಕುಡಿದಿದ್ದೆ ಎಂದು ಆ ಪುಣ್ಯಾತ್ಮ ನಿಜ ಹೇಳಿದ. ಅಲ್ಲಿಗೆ ಮುಗಿಯಿತು. “ನಿನ್ನ ಓದಿಗೆ ಹಾಕಿದ್ದು ನೀರಿಗೆ ಹಾಕಿದ ಹಾಗಾಯ್ತು” ಅಂದರು ಭಾವ. ಓದಿಸಿದ್ದು ಅವರೇ ಆದ್ದರಿಂದ ಅನ್ನುವ ಹಕ್ಕೂ ಇತ್ತು.

ವರ್ಷ ತುಂಬುವುದರೊಳಗೆ ಕೆಲಸ ಬಿಟ್ಟೆ. ಅದನ್ನು ಅವರಿಗೆ ತಿಳಿಸಬೇಕೆಂದು ನಾಲ್ಕು ಸಲ ಕಾಗದ ಬರೆದೆ. ನಾಲ್ಕು ಸಲವೂ, ಅವರೇ ಮೊದಲು ಬರೆಯಲಿ ಎಂದು ಹರಿದು ಹಾಕಿದೆ.

ಉಳಿದ ಹದಿನೇಳು ಮನೆಗಳವರ ವಿಳಾಸ ಸಿಕ್ಕರೆ ಕಳಿಸು. ಎಲ್ಲರೂ ಒಟ್ಟಿಗೆ ಹೋಗಬೇಕು. ಹಡಗು ಕೊನೆಗೆ ಸರಕು ತುಂಬಿದ ಬಂದರಿನಿಂದ ಭಾವ ಬರೆದ ಕಾಗದವಿದ್ದರೆ ಅದೂ ಬೇಕು.

ನಿನ್ನ ತಮ್ಮ


೪ ಜುಲೈ ೧೯೯೨

ತಮ್ಮನಿಗೆ,

ಹದಿನೇಳರಲ್ಲಿ ಹದಿನಾಲ್ಕು ವಿಳಾಸ ಇದರೊಂದಿಗೆ ಇದೆ. ಮೂವರು ಆಗಲೇ ಸಹಿ ಹಾಕಿದ್ದಾರಂತೆ. ಅವರಿಗೂ ಏನಾದರೂ ದಾರಿ ಇದೆಯೇ ನೋಡು.

ನೀನು ಕೆಲಸ ಬಿಟ್ಟದ್ದನ್ನು ನಮಗೆ ತಿಳಿಸದೆ ಮೂರು ವರ್ಷ ಕೂತಿದ್ದೆಯಲ್ಲ, ನಿನ್ನ ಬಿಗುಮಾನಕ್ಕೆ ಏನು ಹೇಳಲಿ? ಹಡಗು ಹತ್ತುವ ಮುಂಚೆ, ಕಳೆದ ನವೆಂಬರಿನಲ್ಲಿ, ನಿನ್ನ ಭಾವ ಕಪಾಟು ಜೋಡಿಸುತ್ತ ನಿನ್ನ ಪದವಿಯ ಫೋಟೋ ಕೈಗೆ ಸಿಕ್ಕಿ ಅರ್ಧ ಗಂಟೆ ನೋಡುತ್ತ ಕೂತಿದ್ದರು. “ಬರೀರಿ ಅವನಿಗೆ” ಅಂದೆ. “ಅವನೇ ಬರೀಲಿ” ಅಂದರು. ನಿಮ್ಮಿಬ್ಬರಿಗೂ ಒಂದೇ ರೋಗ.

ಮಗಳು ಪಾಠದ ಪುಸ್ತಕದ ನಡುವೆ ಭೂಪಟ ಇಟ್ಟುಕೊಂಡು ಅಪ್ಪನ ಹಡಗು ಮುಳುಗಿದ ಜಾಗಕ್ಕೆ ಅತಿ ಹತ್ತಿರದ ದ್ವೀಪ ಎಷ್ಟು ದೂರ ಎಂದು ಸ್ಕೇಲಿನಿಂದ ಅಳೆಯುತ್ತಾಳೆ. ಹದಿನೈದು ವರ್ಷದವಳಿಗೆ ಲೆಕ್ಕ ಬರುವುದಿಲ್ಲವೆಂದಲ್ಲ. ಬಂದ ಉತ್ತರ ಅವಳಿಗೆ ಬೇಕಾಗಿಲ್ಲ.

ಆ ಕೊನೆಯ ಬಂದರಿನಿಂದ ಕಾಗದ ಬಂದಿಲ್ಲ. ಹಡಗು ತುಂಬುವ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲವೋ ಏನೋ.

ನಿನ್ನ ಅಕ್ಕ


೨೦ ಆಗಸ್ಟ್ ೧೯೯೨

ಅಕ್ಕನಿಗೆ ನಮಸ್ಕಾರ.

ಉಳಿದ ಮೂವರಲ್ಲಿ ಒಬ್ಬನಾದ ಹಡಗಿನ ಅಡುಗೆಯವನನ್ನು ಕಂಡೆ. ನಾವಿಕರ ಹಾಸ್ಟೆಲಿನಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮೊದಲು ಮಾತಾಡಲಿಲ್ಲ, ಆಮೇಲೆ ನಿಲ್ಲಿಸಲಿಲ್ಲ.

“ಬೆಳಿಗ್ಗೆ ಏಳೂವರೆ ಸಾರ್. ಚಹಾ ಲೋಟ ಮೇಜಿನ ಮೇಲಿಂದ ಜಾರಿತು. ಹಡಗು ವಾಲೋದು ಮಾಮೂಲಿ. ಆ ಕಡೆ ಹೋಗುತ್ತೆ, ಈ ಕಡೆ ಬರುತ್ತೆ. ಅವತ್ತು ಆ ಕಡೆ ಹೋಯ್ತು, ಬರಲೇ ಇಲ್ಲ.”

ಯಾಕೆ ಹಾಗಾಯಿತು ಎಂದು ನಿನಗೆ ತಿಳಿಯಬೇಕು. ಅವರು ತುಂಬಿದ್ದು ಅದಿರಿನ ಪುಡಿ. ನೋಡಲು ಒಣ ಮಣ್ಣು. ಒಳಗೆ ನೀರಿನಂಶ ಹೆಚ್ಚಿದ್ದರೆ ಅಲೆಯ ಕುಲುಕಾಟಕ್ಕೆ ಅದು ಕೆಸರಾಗಿ ಒಂದು ಪಕ್ಕಕ್ಕೆ ಹರಿಯುತ್ತದೆ, ಹಡಗು ಮಗುಚುತ್ತದೆ. ಅದಕ್ಕೇ ತುಂಬುವ ಮೊದಲು ಪರೀಕ್ಷೆ ಮಾಡುತ್ತಾರೆ. ಒಂದು ಡಬ್ಬಿಯಲ್ಲಿ ಪುಡಿ ಹಾಕಿ, ಗೇಣು ಎತ್ತರದಿಂದ ಗಟ್ಟಿ ನೆಲಕ್ಕೆ ಇಪ್ಪತ್ತೈದು ಸಲ ಕುಟ್ಟುವುದು. ಮೇಲೆ ನೀರು ಮಿನುಗಿದರೆ ಆ ಸರಕು ತುಂಬಬಾರದು. ಹಡಗಿನಲ್ಲಿ ಅದನ್ನು ನೋಡುವ ಕೆಲಸ ಚೀಫ್ ಆಫೀಸರನದು. ಅಂದರೆ ಭಾವನದು. ಕ್ಯಾಪ್ಟನ್ ಹೊಸಬ, ಹತ್ತಿ ನಾಲ್ಕು ದಿನವಾಗಿತ್ತು, ಎಲ್ಲವನ್ನೂ ಅವರಿಗೇ ಬಿಟ್ಟಿದ್ದ.

ಭಾವ ಅಡುಗೆಯವನ ಹತ್ತಿರ ಹಾಲಿನ ಪುಡಿಯ ಖಾಲಿ ಡಬ್ಬಿ ಕೇಳಿ ತೆಗೆದುಕೊಂಡರಂತೆ. ಕುಟ್ಟಿ ನೋಡಿ, “ಇದು ಮಣ್ಣಲ್ಲ ಕಣಯ್ಯಾ, ಕೆಸರು” ಅಂದರಂತೆ. ಅಲ್ಲಿಂದ ನೇರ ಇಳಿದು ಬಂದರಿನ ಟೆಲಿಫೋನಿನ ಕಡೆ ಹೋದರಂತೆ. ಏನು ಮಾತಾಯಿತು ಎಂದು ಅವನಿಗೆ ಗೊತ್ತಿಲ್ಲ. ಮಾರನೆಯ ದಿನ ಅದಿರು ತುಂಬಿದರು.

ಈಗ ಕಾನೂನು ಕೇಳು. ಹಡಗು ಮುಳುಗಿದರೆ ಮಾಲೀಕ ಕೊಡಬೇಕಾದ ಪರಿಹಾರಕ್ಕೆ ಒಂದು ಮಿತಿ ಇದೆ. ಅದನ್ನು ಎಲ್ಲ ಮನೆಗಳಿಗೂ ಹಂಚಿದರೆ ಒಬ್ಬೊಬ್ಬರಿಗೆ ಬರುವುದು ಚೂರು. ಅಪಾಯ ಗೊತ್ತಿದ್ದೂ ಮಾಲೀಕನೇ ಹಡಗು ಕಳಿಸಿದ ಎಂದು ತೋರಿಸಿದರೆ ಆ ಮಿತಿ ಬಿದ್ದುಹೋಗುತ್ತದೆ. ಕಂಪನಿ ಏನು ಹೇಳುತ್ತಿದೆ ಗೊತ್ತೇ? ‘ನಮಗೆ ಯಾರೂ ಹೇಳಲಿಲ್ಲ, ಚೀಫ್ ಆಫೀಸರ್ ಪರೀಕ್ಷೆ ಮಾಡಲೇ ಇಲ್ಲ.’ ಅಡುಗೆಯವನ ಬಾಯಿಮಾತು ಸಾಲದು. ಆ ಫೋನಿಗೆ ಒಂದು ಸಾಕ್ಷಿ ಬೇಕು. ಇನ್ನೊಮ್ಮೆ ಹುಡುಕು.

ನಿನ್ನ ತಮ್ಮ


೧೨ ಸೆಪ್ಟೆಂಬರ್ ೧೯೯೨

ತಮ್ಮನಿಗೆ,

ಪೇಪರಿನ ತುಂಡು ಇಟ್ಟಿದ್ದೇನೆ. ‘ಚೀಫ್ ಆಫೀಸರನ ನಿರ್ಲಕ್ಷ್ಯಕ್ಕೆ ಹದಿನೆಂಟು ಬಲಿ.’ ಹದಿನೆಂಟರಲ್ಲಿ ಅವರೂ ಒಬ್ಬರು ಎಂಬುದನ್ನು ಬರೆದವನು ಮರೆತಿದ್ದಾನೆ. ಸ್ಟಾಫ್ ರೂಮಿನಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತದೆ. ಮಗಳ ಡೆಸ್ಕಿನ ಮೇಲೆ ಯಾರೋ ತಲೆಕೆಳಗಾದ ಹಡಗಿನ ಚಿತ್ರ ಬರೆದಿದ್ದರಂತೆ. ಅವಳು ಅದನ್ನು ಒರೆಸದೆ ಅದರ ಮೇಲೇ ಪುಸ್ತಕವಿಟ್ಟು ಬರೆಯುತ್ತಾಳೆ.

ನಿನ್ನೆ ಸಂಜೆ ಆಯಿಲರನ ಹೆಂಡತಿ ಬಂದಿದ್ದಳು. ಎಂಜಿನ್ನಿಗೆ ಎಣ್ಣೆ ನೋಡಿಕೊಳ್ಳುತ್ತಿದ್ದವನ ಹೆಂಡತಿ. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಕೆಲಸದಿಂದ ನೇರ ಬಂದಿದ್ದಳು, ಟೋಪಿಯ ಗುರುತು ಹಣೆಯ ಮೇಲೆ ಇನ್ನೂ ಇತ್ತು. ಒಳಗೆ ಬಾ ಅಂದರೆ ಬರಲಿಲ್ಲ. ಗೇಟಿನಾಚೆಯೇ ನಿಂತು, “ಅಕ್ಕಾ, ನಿಮ್ಮೋರು ನಿಮಗೇನಾದ್ರೂ ಬರೆದಿದ್ರಾ?” ಎಂದು ಕೇಳಿದಳು. ಇಲ್ಲ ಅಂದೆ. ನನ್ನನ್ನು ಒಂದು ಗಳಿಗೆ ನೋಡಿ ಹೊರಟುಹೋದಳು. ಬೈದಿದ್ದರೂ ವಾಸಿಯಿತ್ತು.

ನಮ್ಮ ಪಾಲಿಗೆ ಏನೂ ಬರದಿದ್ದರೂ ಪರವಾಗಿಲ್ಲ. ಅವರ ಹೆಸರಿಗೆ ಮೆತ್ತಿದ ಈ ಕೆಸರನ್ನು ತೊಳೆದುಕೊಡು. ಕಣ್ಣಾರೆ ಕಂಡ ಅಪಾಯಕ್ಕೆ ಅವರು ಸಹಿ ಹಾಕುವವರಲ್ಲ.

ನಿನ್ನ ಅಕ್ಕ


೫ ಅಕ್ಟೋಬರ್ ೧೯೯೨

ಅಕ್ಕಾ,

ಕಂಪನಿಯವರು ಕೋರ್ಟಿಗೆ ಕೊಟ್ಟ ಕಾಗದಗಳನ್ನು ನಿನ್ನೆ ನೋಡಿದೆ. ‘ಪರೀಕ್ಷಿಸಿದ್ದೇನೆ, ಸರಕು ಒಣಗಿದೆ, ಪ್ರಯಾಣಕ್ಕೆ ಯೋಗ್ಯವಾಗಿದೆ.’ ಕೆಳಗೆ ಭಾವನ ಸಹಿ. ನಕಲಿ ಎಂದು ವಾದಿಸೋಣವೇ ಎಂದು ನನ್ನ ಗುಮಾಸ್ತೆ ಕೇಳಿದಳು. ಆಗುವುದಿಲ್ಲ. ನನ್ನ ಕಾಲೇಜಿನ ಫೀಸಿನ ಅರ್ಜಿಗಳ ಮೇಲೆ ಐದು ವರ್ಷ ನೋಡಿದ ಸಹಿ ಅದು. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು ಹೆಸರಿನ ಕೆಳಗೆ ಗೆರೆ ಹಾಕುವುದು ಅವರೊಬ್ಬರೇ.

ಅಡುಗೆಯವನು ಹೇಳಿದ ಒಂದು ಮಾತನ್ನು ಆಗ ನಿನಗೆ ಬರೆದಿರಲಿಲ್ಲ. ಹಡಗು ವಾಲಿದ ಮೇಲೆ ಭಾವ ಡೆಕ್ಕಿನ ಕಂಬಿಗೆ ಬೆನ್ನು ಕೊಟ್ಟು ನಿಂತು ಒಬ್ಬೊಬ್ಬರಿಗೂ ಲೈಫ್ ಜಾಕೆಟ್ ಕಟ್ಟುತ್ತಿದ್ದರಂತೆ. ಅವನಿಗೆ ಕಟ್ಟುವಾಗ, “ತಪ್ಪಾಯ್ತಪ್ಪಾ” ಅಂದರಂತೆ. “ಯಾಕೆ ಹಂಗಂದ್ರು ಸಾರ್?” ಎಂದು ಅವನು ನನ್ನನ್ನು ಕೇಳಿದ. ಗೊತ್ತಿಲ್ಲ ಅಂದೆ. ನನಗೆ ಆಗಲೇ ಅನುಮಾನ ಬಂದಿತ್ತು.

ಹದಿನೇಳು ವರ್ಷ ಅವರು ಪ್ರತಿ ಬಂದರಿನಿಂದ ನಿನಗೆ ಬರೆದಿದ್ದಾರೆ. ಹಡಗು ಬರೀ ಎಣ್ಣೆ ತುಂಬಿಸಿಕೊಳ್ಳಲು ಆರು ಗಂಟೆ ನಿಂತ ಕಡೆಯಿಂದಲೂ ಬರೆದಿದ್ದಾರೆ. ಈ ಬಂದರಿನಲ್ಲಿ ಒಂಬತ್ತು ದಿನ ಇದ್ದರು.

ನಾನು ವಕೀಲನಾಗಿ ಕೇಳುತ್ತಿಲ್ಲ. ಕಾಗದ ಇದೆಯೇ ಅಕ್ಕಾ?

ನಿನ್ನ ತಮ್ಮ


೧ ನವೆಂಬರ್ ೧೯೯೨

ತಮ್ಮನಿಗೆ,

ಇದೆ. ಹಡಗು ಮುಳುಗಿ ಹನ್ನೆರಡು ದಿನವಾದ ಮೇಲೆ ಪೋಸ್ಟ್‌ಮ್ಯಾನ್ ತಂದುಕೊಟ್ಟ. ಅವನಿಗೆ ವಿಷಯ ಗೊತ್ತಿತ್ತು, ಪಾಪ. ಕವರು ಕೊಟ್ಟು, ನನ್ನ ಮುಖ ನೋಡಲಾರದೆ ಸೈಕಲ್ಲಿನ ಬೆಲ್ಲು ನೋಡುತ್ತ ನಿಂತಿದ್ದ. ಅವರು ಬದುಕಿದ್ದಾರೆ ಎಂದುಕೊಂಡು ಒಡೆದೆ ನಾನು. ತಾರೀಖು ನೋಡುವವರೆಗೆ, ಎರಡು ಕ್ಷಣ, ನನಗೆ ಗಂಡ ಇದ್ದರು.

ನಿನಗೆ ಬೇಕಾದದ್ದೆಲ್ಲ ಅದರಲ್ಲಿದೆ. ಡಬ್ಬಿ ಕುಟ್ಟಿದ್ದು, ನೀರು ಮಿನುಗಿದ್ದು, ಫೋನು ಮಾಡಿದ್ದು. ಕಂಪನಿಯ ಡೈರೆಕ್ಟರೇ ಮಾತಾಡಿದನಂತೆ. “ಲೋಡ್ ಮಾಡಿ, ಇಲ್ಲಾಂದ್ರೆ ಬ್ಯಾಗು ತಗೊಂಡು ಇಳೀರಿ. ನಾಳೆ ನಿಮ್ಮ ಜಾಗಕ್ಕೆ ಬರೋನು ಡಬ್ಬಿ ಕುಟ್ಟಲ್ಲ” ಅಂದನಂತೆ. ಅದರ ಹಿಂದೆಯೇ, ಮುಂದಿನ ಹಡಗಿಗೆ ನಿಮ್ಮನ್ನೇ ಕ್ಯಾಪ್ಟನ್ ಮಾಡುತ್ತೇವೆ ಎಂದನಂತೆ.

ನಿನಗೆ ಬೇಡವಾದದ್ದೂ ಅದರಲ್ಲಿದೆ. ಎರಡನೇ ಹಾಳೆಯಲ್ಲಿ. ‘ಸಹಿ ಹಾಕಿದೆ. ನಾಲ್ಕು ದಿನದ ದಾರಿ, ಸಮುದ್ರ ಶಾಂತವಾಗಿದೆ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಸಂಜೆ ಹುಡುಗರೆಲ್ಲ ಬಂದು, ಸರಕು ಹಸಿ ಅಂತಿದ್ದಾರೆ, ಹೌದಾ ಎಂದು ಕೇಳಿದರು. ಒಣಗಿದೆ, ನಾನೇ ನೋಡಿದ್ದೇನೆ ಎಂದೆ. ನಾನು ಹೇಳಿದ ಮೇಲೆ ಅವರಿಗೆ ಅಲ್ಲಿಗೆ ಮುಗಿಯಿತು. ನಗುತ್ತ ಹೋದರು. ಇದನ್ನು ನಿನ್ನ ತಮ್ಮ ಮಾಡಿದ್ದಕ್ಕೆ ಹೋಲಿಸಿದರೆ ಯಾವುದು ಹೆಚ್ಚು ಎಂದು ಯೋಚಿಸುತ್ತಿದ್ದೇನೆ.’

ಓದಿದೆಯಾ? ಇದನ್ನು ಹದಿನೇಳು ಮನೆಯವರ ಮುಂದೆ ಓದಿಸಲೇ? ನಾಳೆ ಇವಳು ಯಾರ ಮಗಳು ಎಂದು ಕೇಳಿದರೆ ಜನ ಏನು ಹೇಳುತ್ತಾರೆ? ಇವತ್ತು ಅವರು ಅಜಾಗರೂಕ. ಇದು ಹೊರಗೆ ಬಂದರೆ ಸುಳ್ಳು ಹೇಳಿ ಕೊಂದವರು. ಕೊಡುವುದಿಲ್ಲ. ಒಲೆಗೆ ಹಾಕೋಣವೆಂದರೆ ಅವರ ಕೈಬರಹ, ಅದೂ ಆಗುತ್ತಿಲ್ಲ.

ನೀನು ನನಗೆ ತಮ್ಮನೋ, ಆ ಮನೆಗಳವರಿಗೆ ವಕೀಲನೋ, ಮೊದಲು ಹೇಳು.

ಅಕ್ಕ


೧೬ ನವೆಂಬರ್ ೧೯೯೨

ಅಕ್ಕಾ,

ಎರಡೂ. ಅದೇ ನನ್ನ ತೊಂದರೆ.

ಭಾವ ಯಾವುದು ಹೆಚ್ಚು ಎಂದು ಕೇಳಿಕೊಂಡಿದ್ದಾರೆ. ಅವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಮೇಸ್ತ್ರಿಯ ಕಾಲು ತೆಗೆದ ಆ ಹಗ್ಗವನ್ನು ಅಪಘಾತಕ್ಕೆ ಮೂರು ವರ್ಷ ಮೊದಲೇ ಬದಲಾಯಿಸಬೇಕಿತ್ತು ಎಂಬ ವರದಿ ನನ್ನ ಡ್ರಾಯರಿನಲ್ಲಿತ್ತು. ಎದುರಿನವರು ಕೇಳಲಿಲ್ಲ, ನಾನು ಕೊಡಲಿಲ್ಲ. ನಮ್ಮ ಹಿರಿಯ ವಕೀಲರು ಬೆನ್ನು ತಟ್ಟಿದರು. ಆ ಡ್ರಾಯರನ್ನು ಎಳೆದಾಗೆಲ್ಲ ಆ ವರದಿಯನ್ನೇ ಮತ್ತೆ ಓದುತ್ತಿದ್ದೆ. ಕೆಲಸ ಬಿಟ್ಟದ್ದು ಭಾವನ ಬೈಗುಳಕ್ಕಲ್ಲ, ಅದಕ್ಕೆ. ಬಿಟ್ಟ ಮೇಲೆ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಮನೆ ಖಾಲಿ ಮಾಡಿ ಎಲ್ಲಿಗೋ ಹೋಗಿದ್ದ.

ಈಗ ನಿನ್ನ ಕಪಾಟಿನಲ್ಲಿ ಅಂಥದೇ ಒಂದು ಕಾಗದವಿದೆ. ಅದಿಲ್ಲದೆ ಹದಿನೇಳು ಮನೆಗಳು ಸೋಲುತ್ತವೆ. ಆ ಡೈರೆಕ್ಟರ್ ಇನ್ನೊಂದು ಹಡಗಿಗೆ ಇನ್ನೊಂದು ಫೋನು ಮಾಡುತ್ತಾನೆ. ಕೋರ್ಟಿನಿಂದ ಆಜ್ಞೆ ತಂದು ನಿನ್ನ ಕಪಾಟು ತೆಗೆಸಬಹುದು. ತೆಗೆಸುವುದಿಲ್ಲ. ಆದರೆ ಇದೆ ಎಂದು ಗೊತ್ತಾದ ಮೇಲೆ, ಗೊತ್ತಿಲ್ಲದವನ ಹಾಗೆ ಅವರ ಪರವಾಗಿ ನಿಂತು ವಾದಿಸಲೂ ಆರೆ. ಜನವರಿ ಮುಗಿಯುವುದರೊಳಗೆ ನೀನು ಕೊಡದಿದ್ದರೆ ಈ ಮೊಕದ್ದಮೆ ಬಿಡುತ್ತೇನೆ.

ನಿನ್ನ ತಮ್ಮ


೯ ಜನವರಿ ೧೯೯೩

ತಮ್ಮನಿಗೆ,

ಬೇರೆ ಕವರಿನಲ್ಲಿ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ಕಾಗದ, ಎರಡು ಹಾಳೆ.

ಆಯಿಲರನ ಹೆಂಡತಿಯ ಕಾರ್ಖಾನೆಯಲ್ಲಿ ಮೂವತ್ತು ಜನರನ್ನು ತೆಗೆದರಂತೆ, ಇವಳೂ ಅದರಲ್ಲಿ ಸೇರಿದಳು. ಮಾರುಕಟ್ಟೆಯಲ್ಲಿ ಕಂಡಳು. “ಕೇಸು ಯಾವಾಗ ಆಗುತ್ತೆ ಅಕ್ಕಾ?” ಎಂದಷ್ಟೇ ಕೇಳಿದಳು. ಮನೆಗೆ ಬಂದು ಕಪಾಟು ತೆಗೆದೆ.

ಮಗಳಿಗೆ ಎರಡನೇ ಹಾಳೆಯ ವಿಷಯ ಗೊತ್ತಿಲ್ಲ. ಅವಳು ಅದನ್ನು ಓದಬಾರದು, ಯಾರ ಬಾಯಿಂದಲೂ ಕೇಳಬಾರದು. ಮೊದಲ ಹಾಳೆ ನಿನ್ನ ಕೋರ್ಟಿಗೆ, ಎರಡನೆಯದು ನನಗೆ ವಾಪಸು. ಆಗುತ್ತದೆಯೋ ಇಲ್ಲವೋ ಒಂದೇ ಮಾತಿನಲ್ಲಿ ಬರೆ. ಆಗುವುದಿಲ್ಲ ಎಂದರೆ ಕವರು ಒಡೆಯದೆ ಹಾಗೇ ಹಿಂದಕ್ಕೆ ಕಳಿಸು.

ಅಕ್ಕ


೧೭ ಜನವರಿ ೧೯೯೩

ಅಕ್ಕನಿಗೆ ನಮಸ್ಕಾರ.

ಆಗುತ್ತದೆ.

ಫೋನಿನ ಮಾತೆಲ್ಲ ಮೊದಲ ಹಾಳೆಯಲ್ಲೇ ಇದೆ. ಅಷ್ಟು ಸಾಕು. ವಿಚಾರಣೆ ಫೆಬ್ರವರಿ ಹದಿನೆಂಟಕ್ಕೆ. ಮಗಳನ್ನೂ ಕರೆದುಕೊಂಡು ಬಾ. ಅಪ್ಪನ ಹೆಸರು ತೊಳೆಯುವುದನ್ನು ಅವಳು ಕಣ್ಣಾರೆ ನೋಡಲಿ. ಮುಂದಿನ ಸಾಲಿನಲ್ಲಿ ಜಾಗ ಹಿಡಿಸಿರುತ್ತೇನೆ.

ನಿನ್ನ ತಮ್ಮ


೩ ಮಾರ್ಚ್ ೧೯೯೩

ಅಕ್ಕಾ,

ಕೋರ್ಟಿನ ಮೆಟ್ಟಿಲ ಮೇಲೆ ನಿನ್ನ ಹಿಂದೆ ಓಡಿ ಬಂದೆ. ನೀನು ತಿರುಗಿ ನೋಡಲಿಲ್ಲ. ಎರಡು ಕಾಗದ ಹಾಕಿದೆ, ಎರಡೂ ಒಡೆಯದೆ ವಾಪಸು ಬಂದವು. ಇದನ್ನು ನಿನ್ನ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಲ್ಲಿ ನಾಲ್ಕು ಜನರ ಮುಂದೆ ಹಿಂದಕ್ಕೆ ಕಳಿಸಲು ನಿನಗೆ ಕಷ್ಟವಾಗುತ್ತದೆ. ನೋಡು, ಈಗಲೂ ನನ್ನ ಬುದ್ಧಿ ವಕೀಲನ ಹಾಗೇ ಓಡುತ್ತದೆ.

ಎದುರು ನಿಂತವರು ನನ್ನ ಹಳೆಯ ಆಫೀಸಿನ ಹಿರಿಯರೇ. ನಾನು ಮೊದಲ ಹಾಳೆ ಓದಿ ಕೂತೆ. ಡೈರೆಕ್ಟರನ ಮುಖ ಬಿಳಿಚಿಕೊಂಡಿತ್ತು. ಹಿರಿಯರು ನಿಧಾನವಾಗಿ ಎದ್ದು, ಕನ್ನಡಕ ಒರೆಸಿಕೊಂಡು, “ಮಹಾಸ್ವಾಮಿ, ಕೊನೇ ವಾಕ್ಯ ಮುಗಿದಿಲ್ಲ. ಇನ್ನೊಂದು ಹಾಳೆ ಇರಬೇಕು” ಅಂದರು. ಅರ್ಧ ಕಾಗದ ಸಾಕ್ಷಿಯಾಗುವುದಿಲ್ಲ, ಪೂರ್ತಿ ಓದಿ ಎಂದು ನ್ಯಾಯಾಧೀಶರು ಅಂದರು. ಓದಿದೆ. ‘ಒಣಗಿದೆ, ನಾನೇ ನೋಡಿದ್ದೇನೆ’ ಎಂಬಲ್ಲಿಗೆ ಬಂದಾಗ ಹಿಂದಿನ ಸಾಲುಗಳಲ್ಲಿ ಯಾರೋ ಒಬ್ಬರು ಉಸಿರು ಎಳೆದುಕೊಂಡದ್ದು ಕೇಳಿಸಿತು. ನಿನ್ನ ಮಗಳು ಎದ್ದು ಹೊರಗೆ ಹೋದಳು.

ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿತ್ತು. ಅರ್ಧ ಕಾಗದ ನಡೆಯುವುದಿಲ್ಲ ಎಂಬ ಪಾಠ ಹೇಳಿಕೊಟ್ಟದ್ದೇ ಆ ಹಿರಿಯರು. ನಿನಗೆ ‘ಆಗುತ್ತದೆ’ ಎಂದು ಬರೆಯುವಾಗ ಎರಡನೇ ಹಾಳೆ ನನ್ನ ಮೇಜಿನ ಮೇಲೆ, ಕೈಗೆಟಕುವಷ್ಟು ಹತ್ತಿರ, ಇತ್ತು. ‘ಆಗುವುದಿಲ್ಲ’ ಎಂದಿದ್ದರೆ ಎರಡೂ ಹಾಳೆಯನ್ನು ನಿನಗೆ ಹಿಂದಕ್ಕೆ ಕಳಿಸಬೇಕಿತ್ತು.

ಇನ್ನೊಂದು. ಮಗಳನ್ನು ಕರೆದುಕೊಂಡು ಬಾ ಎಂದದ್ದು ಅವಳಿಗಾಗಿ ಅಲ್ಲ. ಮುಂದಿನ ಸಾಲಿನಲ್ಲಿ ಯೂನಿಫಾರಮ್ಮಿನ ಹುಡುಗಿಯೊಬ್ಬಳು ಕೂತಿದ್ದರೆ ನ್ಯಾಯಾಧೀಶರ ಕಣ್ಣು ಅಲ್ಲಿಗೆ ಹೋಗುತ್ತದೆ. ಹೋಯಿತು.

ಕ್ಷಮಿಸು ಎಂದು ಬರೆಯಲು ಕೂತೆ. ಆ ಮಾತಿನ ಕೆಳಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ.

ತಮ್ಮ


೨೨ ಜುಲೈ ೧೯೯೩

ಅಕ್ಕಾ,

ತೀರ್ಪು ಬಂತು. ಮಿತಿ ಬಿದ್ದುಹೋಯಿತು. ಮೊದಲೇ ಸಹಿ ಹಾಕಿದ್ದ ಮೂರು ಮನೆಗಳಿಗೂ ಸೇರಿ ಹದಿನೇಳಕ್ಕೂ ಪೂರ್ತಿ ಪರಿಹಾರ. ಡೈರೆಕ್ಟರನ ಮೇಲೆ ಬೇರೆ ಮೊಕದ್ದಮೆ ಹೂಡಲು ಹೇಳಿದ್ದಾರೆ.

ನಿನ್ನ ಮನೆಯ ಅರ್ಜಿ ವಜಾ ಆಯಿತು. ಅಪಾಯ ತಿಳಿದೂ ಸಹಿ ಹಾಕಿದವರ ಕಡೆಯವರು ಪರಿಹಾರ ಕೇಳುವಂತಿಲ್ಲವಂತೆ. ಮೇಲಿನ ಕೋರ್ಟಿಗೆ ಹೋಗೋಣ, ನೀನು ಹೂಂ ಅಂದರೆ ಸಾಕು.

ಈ ತೀರ್ಪಿನಿಂದ ನನಗೆ ಹೆಸರು ಬಂದಿದೆ. ನಾವಿಕರ ಸಂಘದವರು ಹಾರ ಹಾಕಿದರು. ಮೆಟ್ಟಿಲ ಮೇಲೆ ಜನ ಸಾಲು ನಿಲ್ಲುತ್ತಾರೆ. ಹಳೆಯ ಹಿರಿಯರು ಫೋನು ಮಾಡಿ, “ನನ್ನ ಶಿಷ್ಯ ಅಂತ ಹೇಳ್ಕೋತೀನಪ್ಪಾ” ಅಂದರು. ಹೇಳಿಕೊಳ್ಳಲಿ, ನಿಜವೇ ತಾನೇ.

ತಮ್ಮ


೧೫ ಆಗಸ್ಟ್ ೧೯೯೩

ತಮ್ಮನಿಗೆ,

ಮೇಲಿನ ಕೋರ್ಟು ಬೇಡ. ಆ ಕಾಗದವನ್ನು ಇನ್ನೊಂದು ಸಲ ಯಾರೂ ಗಟ್ಟಿಯಾಗಿ ಓದುವುದು ಬೇಡ. ನನಗೆ ಸಂಬಳವಿದೆ.

ಮಗಳು ಐದು ತಿಂಗಳು ಅಪ್ಪನ ಸುದ್ದಿ ಎತ್ತಲಿಲ್ಲ. ಭೂಪಟ ಮಡಚಿಟ್ಟಳು. ಹೋದ ವಾರ ಊಟಕ್ಕೆ ಕೂತಾಗ, “ಅಮ್ಮಾ, ಅಪ್ಪ ಒಣಗಿದೆ ಅಂತ ಹೇಳೋವಾಗ ಅವರೆಲ್ಲರ ಮುಖ ನೋಡ್ಕೊಂಡೇ ಹೇಳಿದ್ರಾ?” ಎಂದು ಕೇಳಿದಳು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮೊನ್ನೆ ಆಯಿಲರನ ಹೆಂಡತಿ ಬಂದಿದ್ದಳು. ಪರಿಹಾರ ಬಂದಿದೆಯಂತೆ, ಹೊಲಿಗೆ ಯಂತ್ರ ಕೊಂಡಿದ್ದಾಳೆ. ಈ ಸಲ ಗೇಟು ದಾಟಿ ಒಳಗೆ ಬಂದು ಕೂತಳು. ಅವಳು ಬೈಯಲಿ ಎಂದು ನಾನೂ ಎದುರಿಗೆ ಕೂತೆ. ಬ್ಯಾಗಿನಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. ಅವಳ ಗಂಡ ಆ ಬಂದರಿನಿಂದಲೇ ಬರೆದದ್ದು. ‘ಸರಕು ಹಸಿ ಅಂತ ಹುಡುಗರು ಗಲಾಟೆ ಮಾಡಿದರು. ನಾವೆಲ್ಲ ಇಳಿದುಬಿಡುವುದೆಂದು ಮಾತಾಡಿಕೊಂಡಿದ್ದೆವು. ಚೀಫ್ ಸಾಹೇಬರು ಒಣಗಿದೆ ಅಂದರು. ಅವರು ಅಂದ ಮೇಲೆ ಚಿಂತೆ ಇಲ್ಲ, ಇಳಿಯಲಿಲ್ಲ.’

ಎರಡು ಸಲ ಓದಿದೆ. ಇಳಿಯಲಿದ್ದರಂತೆ. ಇದು ನಿನಗೂ ಗೊತ್ತಿರಲಿಲ್ಲ.

“ಇದನ್ನ ಯಾಕಮ್ಮಾ ಕೋರ್ಟಿಗೆ ಕೊಡಲಿಲ್ಲ?” ಎಂದು ಕೇಳಿದೆ.

“ನಿಮ್ಮೋರು ಏನಾದ್ರೂ ಬರೆದಿದ್ರಾ ಅಂತ ಅವತ್ತೇ ಕೇಳೋಕೆ ಬಂದಿದ್ದೆ. ನೀವು ಇಲ್ಲ ಅಂದ್ರಿ. ನೀವಾಗಿ ಹೇಳೋವರೆಗೂ ಬೇಡ ಅಂತ ಸುಮ್ಮನಾದೆ. ಕೋರ್ಟಲ್ಲಿ ತೆಗೆಯೋಣ ಅಂತ ಬ್ಯಾಗಲ್ಲಿ ಇಟ್ಕೊಂಡೇ ಬಂದಿದ್ದೆ. ನಿಮ್ಮ ಮಗಳು ಮುಂದೆ ಕೂತಿದ್ಲಲ್ಲ ಅಕ್ಕಾ. ಹೆಂಗೆ ತೆಗೀಲಿ?”

ಅವಳಿಗೆ ಕೆಲಸವಿರಲಿಲ್ಲ, ಇಬ್ಬರು ಮಕ್ಕಳು. ನೀನು ಗೆಲ್ಲುತ್ತೀಯೋ ಇಲ್ಲವೋ ಎಂದೂ ಅವಳಿಗೆ ಗೊತ್ತಿರಲಿಲ್ಲ. ನನ್ನ ಮಗಳು ಅವಳಿಗೆ ಏನೂ ಆಗಬೇಕಿಲ್ಲ.

ನೀನು ಮಾಡಿದ್ದು ತಪ್ಪು ಎಂದು ನಾನು ಬರೆಯುವುದಿಲ್ಲ. ಹದಿನೇಳು ಮನೆಗಳಲ್ಲಿ ಒಲೆ ಉರಿಯುತ್ತಿದೆ. ನಿನ್ನ ಭಾವ ಇದ್ದಿದ್ದರೆ ಬಹುಶಃ ನೀನು ಮಾಡಿದ್ದೇ ಸರಿ ಅನ್ನುತ್ತಿದ್ದರು. ಅವರ ಮಾತಿಗೂ ಈಗ ನನ್ನ ಹತ್ತಿರ ಅಷ್ಟು ಬೆಲೆ ಉಳಿದಿಲ್ಲ.

ಮನೆಗೆ ಬರಬೇಡ ಎಂದು ನಾನು ಹೇಳುವುದಿಲ್ಲ. ಈ ಮನೆಯಲ್ಲಿ ಆ ಮಾತು ಒಂದು ಸಲ ಹೇಳಿದ್ದು ಸಾಕು. ಶನಿವಾರ ಎರಡರಿಂದ ಐದರವರೆಗೆ ಮಗಳು ಟೈಪಿಂಗ್ ಕ್ಲಾಸಿಗೆ ಹೋಗುತ್ತಾಳೆ. ಬರುವುದಾದರೆ ಆಗ ಬಾ. ಐದಕ್ಕೆ ಮುಂಚೆ ಹೊರಟುಬಿಡು.

ಅಕ್ಕ